ಮುಂಗಾರು ಗಾಳಿ, ಕಾಳುಮೆಣಸು, ಕುದುರೆ: ಅರಬ್ಬಿ ಸಮುದ್ರದ ಹಳೆಯ ವ್ಯಾಪಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

1498ರಲ್ಲಿ ವಾಸ್ಕೋ ಡ ಗಾಮಾ ಭಾರತಕ್ಕೆ ಸಮುದ್ರ ಮಾರ್ಗ ಕಂಡುಹಿಡಿದ. ಶಾಲೆಯಲ್ಲಿ ನಾವೆಲ್ಲ ಉರು ಹೊಡೆದ ಸಾಲು ಇದು. ಅವನು ಬರುವ ಮುಂಚೆ ಆ ಸಮುದ್ರದಲ್ಲಿ ಏನು ನಡೀತಿತ್ತು ಅನ್ನೋದು ಪಾಠದಲ್ಲಿ ಇರುತ್ತಿರಲಿಲ್ಲ. ಮಾತುಕತೆಯಲ್ಲಿ, ಪತ್ರಗಳಲ್ಲಿ ಜನ ಮತ್ತೆ ಮತ್ತೆ ಕೇಳುವುದೂ ಅದನ್ನೇ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ಕಗ್ಗಂಟಿನವು ಕೊನೆಗೆ.

## ಮೊದಲ ಪ್ರಶ್ನೆಗಳು

ಭಾರತಕ್ಕೆ ಸಮುದ್ರದ ದಾರಿ ಕಂಡುಹಿಡಿದದ್ದು ವಾಸ್ಕೋ ಡ ಗಾಮಾನೇ ತಾನೇ?

ಯುರೋಪಿನಿಂದ ಆಫ್ರಿಕಾವನ್ನು ಬಳಸಿಕೊಂಡು ಹಡಗಿನಲ್ಲೇ ಇಲ್ಲಿಯವರೆಗೆ ಬಂದ ಮೊದಲಿಗ ಅವನು. ಅಷ್ಟು ಮಾತ್ರ ನಿಜ. ಪೂರ್ವ ಆಫ್ರಿಕಾದಿಂದ ಭಾರತದ ಪಶ್ಚಿಮ ಕರಾವಳಿಗೆ ಬರುವ ದಾರಿ ಆ ಹೊತ್ತಿಗೆ ನೂರಾರು ವರ್ಷ ಹಳೆಯದು. ಈಗಿನ ಕೀನ್ಯಾದಲ್ಲಿರುವ ಮಾಲಿಂಡಿಯ ರಾಜ ಗಾಮಾನಿಗೆ ದಾರಿ ಬಲ್ಲ ಒಬ್ಬ ನಾವಿಕನನ್ನು ಕೊಟ್ಟ. ಹಡಗುಗಳು 1498ರ ಏಪ್ರಿಲ್ 24ಕ್ಕೆ ಹೊರಟವು. ಮೇ 20ಕ್ಕೆ ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದವು. ಆ ನಾವಿಕ ಅರಬ್ಬರ ಹೆಸರಾಂತ ಇಬ್ನ್ ಮಾಜಿದ್ ಎಂದು ಬಹಳ ಕಡೆ ಬರೆದಿರುತ್ತಾರೆ. ಇತಿಹಾಸಕಾರರು ಈಗ ಅದನ್ನು ಒಪ್ಪುವುದಿಲ್ಲ. ಅವನು ಗುಜರಾತಿನವನಾಗಿರುವ ಸಾಧ್ಯತೆಯೇ ಜಾಸ್ತಿ.

ಕಲ್ಲಿಕೋಟೆಯಲ್ಲಿ ಗಾಮಾ ತಾನು ಮೊದಲು ಇಳಿಯಲಿಲ್ಲ. ಶಿಕ್ಷೆಗೆ ಗುರಿಯಾಗಿದ್ದ ಒಬ್ಬನನ್ನು ದಡಕ್ಕೆ ಕಳಿಸಿದ. ಅಲ್ಲಿ ಅವನಿಗೆ ಎದುರಾದವರು ಉತ್ತರ ಆಫ್ರಿಕಾದ ಟ್ಯುನಿಸ್‌ನ ಇಬ್ಬರು ವ್ಯಾಪಾರಿಗಳು. ಅವರಿಗೆ ಸ್ಪೇನಿನ ಮಾತೂ ಬರುತ್ತಿತ್ತು, ಇಟಲಿಯ ಜಿನೋವಾದ ಮಾತೂ ಬರುತ್ತಿತ್ತು. ಹಾಳಾಗಿ ಹೋಗ, ನಿನ್ನನ್ನು ಇಲ್ಲಿಗೆ ಯಾರು ತಂದರು ಎಂದು ಬೈದುಕೊಂಡೇ ಮಾತಾಡಿಸಿದರು. ‘ಕಂಡುಹಿಡಿದ’ ಊರಿನಲ್ಲಿ ಸಿಕ್ಕಿದ ಸ್ವಾಗತ ಇದು.

ಗಾಳಿ ನೋಡಿಕೊಂಡು ಹಡಗು ಬಿಡುತ್ತಿದ್ದರು ಅಂತಾರೆ. ಹಾಗಂದ್ರೆ ಏನು?

ಈ ವ್ಯಾಪಾರದ ಇಡೀ ಗುಟ್ಟು ಇರುವುದೇ ಇಲ್ಲಿ. ಅರಬ್ಬಿ ಸಮುದ್ರದ ಗಾಳಿ ವರ್ಷಕ್ಕೆ ಎರಡು ಸಲ ದಿಕ್ಕು ಬದಲಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬೀಸುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ. ಈಜಿಪ್ಟಿನಿಂದ ಬರುವವರು ಜುಲೈ ಹೊತ್ತಿಗೆ ಹೊರಟು, ಮುಂಗಾರಿನ ಅಬ್ಬರ ತಗ್ಗುವಾಗ ಇಲ್ಲಿ ತಲುಪುತ್ತಿದ್ದರು. ಡಿಸೆಂಬರ್ ಅಥವಾ ಜನವರಿಯಲ್ಲಿ ವಾಪಸ್. ಕೆಂಪು ಸಮುದ್ರದ ಬಾಯಿಯಿಂದ ಮಲಬಾರಿನ ಮುಜಿರಿಸ್ ಬಂದರಿಗೆ 40 ದಿನ ಸಾಕು ಎಂದು ರೋಮಿನ ಪ್ಲಿನಿ 1ನೇ ಶತಮಾನದಲ್ಲೇ ಬರೆದಿದ್ದಾನೆ.

ಗಾಳಿಯ ಮಾತು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಗಾಮಾನೇ ಸಾಕ್ಷಿ. ಮಾಲಿಂಡಿಯಿಂದ ಬರುವಾಗ ಸಮುದ್ರ ದಾಟಲು ಅವನಿಗೆ ಹಿಡಿದದ್ದು 23 ದಿನ. ವಾಪಸ್ ಹೋಗುವಾಗ ಗಾಳಿ ತಿರುಗುವವರೆಗೆ ಕಾಯಲಿಲ್ಲ, ಆಗಸ್ಟ್ ಕೊನೆಗೇ ಕಲ್ಲಿಕೋಟೆ ಬಿಟ್ಟ. ಅಕ್ಟೋಬರ್ ಮೊದಲಲ್ಲಿ ನಮ್ಮ ದಡ ಬಿಟ್ಟವನಿಗೆ ಆಫ್ರಿಕಾ ಕಂಡದ್ದು ಜನವರಿಯಲ್ಲಿ. ಹತ್ತಿರ ಹತ್ತಿರ ಮೂರು ತಿಂಗಳು. ಹಸಿ ತರಕಾರಿ, ಹಣ್ಣು ಇಲ್ಲದೆ ವಸಡು ಊದುವ ಸ್ಕರ್ವಿ ಕಾಯಿಲೆ ಬಂದು ಸುಮಾರು 30 ಜನ ಸತ್ತರು. ಉಳಿದವರು ಎಲ್ಲ ಹಡಗು ನಡೆಸಲು ಸಾಲದೆ ಒಂದಕ್ಕೆ ಬೆಂಕಿ ಇಟ್ಟರು.

ಇನ್ನೊಂದು ಮಾತು. ಗಾಳಿ ತಿರುಗುವವರೆಗೆ ವ್ಯಾಪಾರಿ ಬಂದರಿನಲ್ಲೇ ಕೂರಬೇಕಿತ್ತು. ಕೂತವನಿಗೆ ಮನೆ ಬೇಕು, ಉಗ್ರಾಣ ಬೇಕು, ಪ್ರಾರ್ಥನೆಗೆ ಜಾಗ ಬೇಕು, ಅಡುಗೆಗೆ ಜನ ಬೇಕು. ಎಷ್ಟೋ ಜನ ಇಲ್ಲೇ ಮದುವೆಯಾದರು. ಕರಾವಳಿಯಲ್ಲಿ ನಾಲ್ಕಾರು ಧರ್ಮದವರು ಒಟ್ಟಿಗೆ ಬಾಳಿದ್ದನ್ನು ವಿವರಿಸಲು ದೊಡ್ಡ ದೊಡ್ಡ ಮಾತು ಬೇಕಿಲ್ಲ. ಮುಕ್ಕಾಲು ಪಾಲು ಈ ಕಾಯುವಿಕೆಯಲ್ಲೇ ಇದೆ ಅಂತ ನನ್ನ ಅಭಿಪ್ರಾಯ.

ಅಷ್ಟೆಲ್ಲ ಪಾಡು ಪಟ್ಟು ಬರುತ್ತಿದ್ದದ್ದು ಬರೀ ಮೆಣಸಿಗಾ?

ಮೆಣಸೇ ಮುಖ್ಯ, ಆದರೆ ಅದೊಂದೇ ಅಲ್ಲ. ಶುಂಠಿ, ಏಲಕ್ಕಿ, ಹತ್ತಿ ಬಟ್ಟೆ, ಅಡಿಕೆ, ಕಬ್ಬಿಣ, ಅಕ್ಕಿ ಎಲ್ಲವೂ ಹೋಗುತ್ತಿದ್ದವು. ಮೆಣಸಿನ ಹುಚ್ಚು ಮಾತ್ರ ಬಹಳ ಹಳೆಯದು. ಕ್ರಿಸ್ತಪೂರ್ವ 1213ರಲ್ಲಿ ಸತ್ತ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್‌ನ ಮಮ್ಮಿಯ ಮೂಗಿನಲ್ಲಿ ಕಾಳುಮೆಣಸು ಸಿಕ್ಕಿದೆ. ಕೆಂಪು ಸಮುದ್ರದ ಬೆರೆನಿಕೆ ಬಂದರಿನ ದೇವಾಲಯವೊಂದರಲ್ಲಿ ಭಾರತದ ಮಣ್ಣಿನ ಹಂಡೆಯೊಳಗೆ ಏಳೂವರೆ ಕಿಲೋ ಮೆಣಸು ಹಾಗೇ ಉಳಿದಿತ್ತು.

ಬದಲಿಗೆ ನಮಗೆ ಬರುತ್ತಿದ್ದದ್ದು ಹೆಚ್ಚಾಗಿ ಚಿನ್ನ, ಬೆಳ್ಳಿ. ಜೊತೆಗೆ ತಾಮ್ರ, ಹವಳ, ಖರ್ಜೂರ, ಕುದುರೆ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಭಾರತಕ್ಕೆ ಸೋರಿಹೋಗುತ್ತಿದೆ ಎಂದು ಪ್ಲಿನಿ ಗೊಣಗಿದ್ದಾನೆ. ಅವನ ಲೆಕ್ಕ ಎಷ್ಟು ಸರಿಯೋ, ಹೊಟ್ಟೆಯುರಿ ಮಾತ್ರ ಅಸಲಿ.

ಆಗಿನ ಹಡಗಿಗೆ ಮೊಳೆಯೇ ಹೊಡೆಯುತ್ತಿರಲಿಲ್ಲವಂತೆ. ನೀರು ಒಳಗೆ ಬರುತ್ತಿರಲಿಲ್ವಾ?

ಅರಬ್ಬಿ ಸಮುದ್ರದ ಬಹುಪಾಲು ಹಡಗುಗಳು ಹೊಲಿದವು. ಹಲಗೆಯ ಅಂಚಿನಲ್ಲಿ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಬಿಗಿಯಾಗಿ ಹೊಲಿದು, ಸಂದಿಗೆ ಎಣ್ಣೆ, ರಾಳ ಮೆತ್ತುತ್ತಿದ್ದರು. ನೀರು ಸ್ವಲ್ಪ ಒಳಗೆ ಬರುತ್ತಿತ್ತು, ಮೊಗೆದು ಹಾಕುತ್ತಿದ್ದರು. ಅಲೆ ಬಡಿದಾಗ ಹೊಲಿಗೆ ಸ್ವಲ್ಪ ಮಣಿಯುತ್ತದೆ. ಹಾಗಾಗಿ ಮರಳು ದಡಕ್ಕೆ ಬಡಿದರೂ ಹಡಗು ಸುಲಭಕ್ಕೆ ಒಡೆಯದು. ನೋಡಬೇಕೆಂದರೆ ಕೌಂಡಿನ್ಯ ಎಂಬ ಹಡಗಿದೆ. ಅಜಂತಾದ ಚಿತ್ರವೊಂದನ್ನು ನೋಡಿ ಹೊಲಿದು ಕಟ್ಟಿದ ಇದು 2025ರಲ್ಲಿ ಕಾರವಾರದಲ್ಲಿ ನೌಕಾಪಡೆ ಸೇರಿತು.

ಕೊಲಂಬಸ್ ಭಾರತ ಹುಡುಕಲು ಹೋಗಿ ದಾರಿ ತಪ್ಪಿದ್ದಾ?

ದಾರಿ ತಪ್ಪಲಿಲ್ಲ, ಲೆಕ್ಕ ತಪ್ಪಿದ. ಭೂಮಿ ಇರುವುದಕ್ಕಿಂತ ಬಹಳ ಚಿಕ್ಕದು ಎಂದು ನಂಬಿ 1492ರಲ್ಲಿ ಪಶ್ಚಿಮಕ್ಕೆ ಹೊರಟ. ಚೀನಾದ ಮಹಾಖಾನನಿಗೆ ಕೊಡಲು ಪತ್ರವೂ ಅವನ ಕೈಲಿತ್ತು. ಪಾಪ, ಮಂಗೋಲರ ಆಳ್ವಿಕೆ ಚೀನಾದಲ್ಲಿ 1368ಕ್ಕೇ ಮುಗಿದಿತ್ತು.

## ಬಂದವರು, ಹೋದವರು

ಮಂಗಳೂರಲ್ಲಿ ಯೆಹೂದಿ ವ್ಯಾಪಾರಿ ಇದ್ದನಂತೆ. ನಿಜವೋ ಕಟ್ಟುಕಥೆಯೋ?

ಅಪ್ಪಟ ನಿಜ, ಅವನ ಪತ್ರಗಳೇ ಸಿಕ್ಕಿವೆ. ಹೆಸರು ಅಬ್ರಹಾಂ ಬೆನ್ ಯಿಜು. ಈಗಿನ ಟ್ಯುನೀಶಿಯಾದ ಮಹ್ದಿಯಾ ಊರಿನವನು. ಸುಮಾರು 1132ರಿಂದ 1149ರವರೆಗೆ ಬಹುಪಾಲು ಮಂಗಳೂರಿನ ಕಡೆಯಲ್ಲೇ ಇದ್ದ. ಇಲ್ಲಿ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ನಡೆಸುತ್ತಿದ್ದ. ಯೆಮನ್‌ನ ಏಡನ್ ಬಂದರಿನಿಂದ ಒಡೆದ ಹಳೆಯ ಪಾತ್ರೆ, ತಾಮ್ರ ಬರುತ್ತಿತ್ತು. ನಮ್ಮ ಕಂಚುಗಾರರು ಅದನ್ನು ಕರಗಿಸಿ ಹೊಸದು ಮಾಡಿಕೊಡುತ್ತಿದ್ದರು. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವೂ ಆ ಕಡೆಗೆ ಹೋಗುತ್ತಿದ್ದವು. ಏಡನ್‌ನ ವ್ಯಾಪಾರಿ ಮದ್ಮೂನ್ ಅವನಿಗೆ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಕಳಿಸುತ್ತಿದ್ದ. ನಾವು ತಾಳೆಗರಿಯಲ್ಲಿ ಬರೆಯುವವರು, ಒಳ್ಳೆಯ ಕಾಗದ ಇಲ್ಲಿ ಸಿಗುತ್ತಿರಲಿಲ್ಲ.

1132ರ ಅಕ್ಟೋಬರ್‌ನಲ್ಲಿ ಅವನು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವಿದೆ. ಅವಳನ್ನೇ ಮದುವೆಯಾದ ಎಂದು ವಿದ್ವಾಂಸರು ನಂಬುತ್ತಾರೆ. ಬೊಮ್ಮ ಎಂಬ ಈ ಕಡೆಯವನೊಬ್ಬ ಅವನ ಆಳು. ಆಳು ಅಂದರೆ ಕಸ ಗುಡಿಸುವವನಲ್ಲ. ಸರಕು ಹಿಡಿದು ಏಡನ್‌ವರೆಗೆ ಒಬ್ಬನೇ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದವನು. ಏಡನ್‌ನ ವ್ಯಾಪಾರಿಗಳು ಪತ್ರದಲ್ಲಿ ಅವನನ್ನೂ ವಿಚಾರಿಸುತ್ತಿದ್ದರು.

ಈ ಪತ್ರಗಳು ಉಳಿದದ್ದೇ ಒಂದು ಸೋಜಿಗ. ದೇವರ ಹೆಸರಿರಬಹುದಾದ ಕಾಗದವನ್ನು ಯೆಹೂದಿಗಳು ಹರಿದು ಎಸೆಯುವುದಿಲ್ಲ. ಹಳೆಯ ಕೈರೋದ ಪ್ರಾರ್ಥನಾ ಮಂದಿರದ ಒಂದು ಕೋಣೆಗೆ ಶತಮಾನಗಟ್ಟಲೆ ಎಲ್ಲವನ್ನೂ ತುರುಕಿದ್ದರು. ಲೆಕ್ಕದ ಚೀಟಿ, ಮನೆ ಪತ್ರ, ಜಗಳದ ಪತ್ರ, ಎಲ್ಲ. 19ನೇ ಶತಮಾನದ ಕೊನೆಯಲ್ಲಿ ಅದು ವಿದ್ವಾಂಸರ ಕೈಗೆ ಬಂತು. ಮಂಗಳೂರಿನ 900 ವರ್ಷ ಹಿಂದಿನ ದಿನಚರಿ ಕೈರೋದಲ್ಲಿ ಉಳಿಯಿತು, ನಮ್ಮಲ್ಲಿ ಉಳಿಯಲಿಲ್ಲ.

ಭಾಷೆ ಬಾರದವರ ಜೊತೆ ವ್ಯಾಪಾರ ಹೇಗೆ? ಮೋಸ ಆದರೆ ಯಾರನ್ನು ಕೇಳೋದು?

ಮಧ್ಯೆ ದಲ್ಲಾಳಿ ಇರುತ್ತಿದ್ದ. 15ನೇ ಶತಮಾನದಲ್ಲಿ ಚೀನಾದ ಹಡಗುಗಳ ಜೊತೆ ಬಂದ ದುಭಾಷಿ ಮಾ ಹುವಾನ್ ಕಲ್ಲಿಕೋಟೆಯ ಪದ್ಧತಿಯನ್ನು ಬರೆದಿಟ್ಟಿದ್ದಾನೆ. ಚೀನಾದವರು, ಇಲ್ಲಿನ ವರ್ತಕರು, ದಲ್ಲಾಳಿ ಕೂತು ಒಂದೊಂದೇ ಸರಕಿಗೆ ಬೆಲೆ ಕಟ್ಟುತ್ತಿದ್ದರು. ಕೊನೆಗೆ ಎಲ್ಲರೂ ಕೈ ಕೈ ಹಿಡಿದು ಬೆಲೆ ನಿಕ್ಕಿ ಮಾಡುತ್ತಿದ್ದರು. ಆಮೇಲೆ ಪೇಟೆಯಲ್ಲಿ ಬೆಲೆ ಏರಿದರೂ ಇಳಿದರೂ ಮಾತು ಮುರಿಯುವಂತಿಲ್ಲ. ಇಲ್ಲಿನವರು ಕೈಕಾಲಿನ ಬೆರಳಲ್ಲೇ ಲೆಕ್ಕ ಹಾಕಿದರೂ ಒಂಚೂರು ತಪ್ಪುವುದಿಲ್ಲ ಎಂದು ಅವನಿಗೆ ಬೆರಗು.

1442ರಲ್ಲಿ ಈಗಿನ ಅಫ್ಘಾನಿಸ್ತಾನದ ಹೆರಾತ್‌ನಿಂದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್‌ಗೆ ಕಲ್ಲಿಕೋಟೆ ಊರು ಹಿಡಿಸಲೇ ಇಲ್ಲ. ಅಲ್ಲಿನ ಭದ್ರತೆಯನ್ನು ಮಾತ್ರ ಹೊಗಳದೆ ಇರಲು ಅವನಿಗೂ ಆಗಲಿಲ್ಲ. ಸರಕನ್ನು ಬೀದಿಯಲ್ಲಿ ಬಿಟ್ಟುಹೋದರೂ ಸುಂಕದ ಅಧಿಕಾರಿಗಳೇ ಕಾಯುತ್ತಾರೆ. ಮಾರಾಟವಾದರೆ ನಲವತ್ತರಲ್ಲಿ ಒಂದು ಪಾಲು ಸುಂಕ, ಆಗದಿದ್ದರೆ ಏನೂ ಇಲ್ಲ. ಸುಂಕ ಕಡಿಮೆ, ನ್ಯಾಯ ಗಟ್ಟಿ ಇದ್ದ ಬಂದರಿಗೆ ಹಡಗು ಬರುತ್ತಿತ್ತು. ಇಲ್ಲದಿದ್ದರೆ ಪಕ್ಕದ ಬಂದರಿಗೆ ಹೋಗುತ್ತಿತ್ತು. ರಾಜನಿಗೂ ಇದು ಗೊತ್ತಿತ್ತು.

ನಮ್ಮ ಬಾರ್ಕೂರು, ಬಸರೂರು, ಭಟ್ಕಳದ ಕಡೆಯ ಶಾಸನಗಳಲ್ಲಿ ‘ಹಂಜಮಾನ’ ಎಂಬ ಹೆಸರು ಬರುತ್ತದೆ. ಅದು ಹೊರಗಿನಿಂದ ಬಂದು ನೆಲೆಸಿದ ವರ್ತಕರ ಸಂಘ. ಊರಿನ ವ್ಯವಹಾರದಲ್ಲಿ ಅವರ ಮಾತಿಗೂ ಬೆಲೆ ಇತ್ತು.

ಎಲ್ಲ ಹೊರಗಿನವರೇ ಬಂದರಾ? ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅಂತ ನಮ್ಮವರು ಹೋಗಲೇ ಇಲ್ವಾ?

ಧರ್ಮಶಾಸ್ತ್ರದಲ್ಲಿ ನಿಷೇಧ ಇತ್ತು. ಹೋಗುವವರು ಹೋದರು. ಯೆಮನ್‌ಗೆ ಸೇರಿದ ಸೊಕೋಟ್ರಾ ದ್ವೀಪದಲ್ಲಿ ಹೋಕ್ ಎಂಬ ಗುಹೆಯಿದೆ. ಅಲ್ಲಿಗೆ ಹೋದ ನಾವಿಕರು, ವ್ಯಾಪಾರಿಗಳು ಗೋಡೆಯ ಮೇಲೆ ಹೆಸರು ಗೀಚಿದ್ದಾರೆ. ಇನ್ನೂರಕ್ಕೂ ಹೆಚ್ಚು ಬರಹಗಳು, ಬಹುಪಾಲು ಬ್ರಾಹ್ಮಿ ಲಿಪಿಯವು. ಪ್ರವಾಸಿ ಜಾಗದಲ್ಲಿ ಹೆಸರು ಕೆತ್ತುವ ಚಟ ಇವತ್ತಿನದಲ್ಲ, ಅಲ್ವಾ?

ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ದಕ್ಷಿಣ ಭಾರತದ ದೊಡ್ಡ ವರ್ತಕ ಸಂಘ. ಅದೇ ಐನೂರ್ವರ ತಮಿಳು ಶಾಸನ ಸುಮಾತ್ರಾದ ಬಾರೂಸ್‌ನಲ್ಲಿ ಸಿಕ್ಕಿದೆ, ಕಾಲ 1088. ಬಾರೂಸ್ ಅಂದರೆ ಕರ್ಪೂರದ ಊರು.

ಈಜಿಪ್ಟಿನಲ್ಲಿ ಸಿಕ್ಕಿದ ಗ್ರೀಕ್ ನಾಟಕದಲ್ಲಿ ಕನ್ನಡ ಮಾತು ಇದೆ ಅಂತಾರಲ್ಲ?

ಅಲ್ಲಿನ ಆಕ್ಸಿರಿಂಕಸ್ ಊರಿನಲ್ಲಿ ಸಿಕ್ಕಿದ ಆ ಪಪೈರಸ್ (ಜೊಂಡಿನಿಂದ ಮಾಡಿದ ಬರೆಯುವ ಹಾಳೆ) ಸುಮಾರು 2ನೇ ಶತಮಾನದ್ದು. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಗ್ರೀಕ್ ಹುಡುಗಿಯ ಪ್ರಹಸನ ಅದು. ಇಲ್ಲಿನ ರಾಜ, ಅವನ ಕಡೆಯವರು ಗ್ರೀಕರಿಗೆ ಅರ್ಥವಾಗದ ಭಾಷೆ ಆಡುತ್ತಾರೆ. ಅದು ಕನ್ನಡ ಎಂದು 1904ರಲ್ಲಿ ಜರ್ಮನಿಯ ಹುಲ್ಟ್ಶ್ ಹೇಳಿದರು. ಆರ್. ಶಾಮಶಾಸ್ತ್ರಿ ಬೆಂಬಲಿಸಿದರು. ಬಾರ್ನೆಟ್ ಒಪ್ಪಲಿಲ್ಲ. ತುಳು ಎಂದವರೂ ಇದ್ದಾರೆ. ನಾಟಕದವನು ಸುಮ್ನೆ ನಗಿಸಲು ಬಾಯಿಗೆ ಬಂದದ್ದು ಬರೆದಿದ್ದಾನೆ ಎನ್ನುವವರೂ ಇದ್ದಾರೆ. ಹೆಮ್ಮೆ ಪಡುವ ಮುಂಚೆ ಸ್ವಲ್ಪ ತಡೆಯುವುದು ಒಳ್ಳೆಯದು.

ಇಬ್ನ್ ಬತೂತಾ ನಮ್ಮ ಊರುಗಳನ್ನು ನೋಡಿದ್ದನಾ?

ನೋಡಿದ್ದ. ಮೊರಾಕೋದ ಈ ಪ್ರವಾಸಿ 1340ರ ದಶಕದಲ್ಲಿ ಹೊನ್ನಾವರ, ಬಾರ್ಕೂರು, ಮಂಗಳೂರು ಹಾದು ಹೋದ. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದು ಬರೆದಿದ್ದಾನೆ.

ಚೀನಾದವರು ಅಷ್ಟು ದೊಡ್ಡ ಹಡಗು ತಂದವರು ಯಾಕೆ ನಿಲ್ಲಿಸಿಬಿಟ್ಟರು?

ಚೀನಾದ ಮಿಂಗ್ ದೊರೆಗಳ ನೌಕಾಧಿಕಾರಿ ಝೆಂಗ್ ಹೆ 1405ರಿಂದ 1433ರವರೆಗೆ ಏಳು ಯಾನಗಳ ನಾಯಕ. ಮೊದಲನೆಯದಕ್ಕೇ 27,000ಕ್ಕೂ ಹೆಚ್ಚು ಜನ ಎಂದು ಮಿಂಗ್ ದಾಖಲೆ ಹೇಳುತ್ತದೆ. ಗಾಮಾ ಕರೆತಂದವರು ಇನ್ನೂರು ಜನವೂ ಇಲ್ಲ. ಶ್ರೀಲಂಕಾದ ಗಾಲೆಯಲ್ಲಿ ಝೆಂಗ್ ಹೆ ನಿಲ್ಲಿಸಿದ ಕಲ್ಲಿನಲ್ಲಿ ಚೀನೀ, ತಮಿಳು, ಪರ್ಷಿಯನ್ ಮೂರು ಭಾಷೆ ಇವೆ. ಒಂದರಲ್ಲಿ ಬುದ್ಧನಿಗೆ, ಒಂದರಲ್ಲಿ ವಿಷ್ಣುವಿಗೆ, ಒಂದರಲ್ಲಿ ಅಲ್ಲಾಹನಿಗೆ ಕಾಣಿಕೆ. ಹಾಗಂತ ಅವರು ಬರೀ ಶಾಂತಿದೂತರಲ್ಲ. ಶ್ರೀಲಂಕಾದ ಒಬ್ಬ ರಾಜನನ್ನೇ ಹಿಡಿದುಕೊಂಡು ಹೋದರು.

ನಿಲ್ಲಿಸಿದ್ದಕ್ಕೆ ಮುಖ್ಯ ಕಾರಣ ದುಡ್ಡು ಮತ್ತು ಉತ್ತರದ ಗಡಿ. ಮಂಗೋಲರ ಕಾಟ ಇತ್ತು, ರಾಜಧಾನಿ ಬೀಜಿಂಗ್‌ಗೆ ಹೋಗಿತ್ತು. ಇದೆಲ್ಲ ದಂಡದ ಖರ್ಚು ಎಂದು ಅಧಿಕಾರಿಗಳು ಮೊದಲಿಂದ ಹೇಳುತ್ತಲೇ ಇದ್ದರು. ನಿಂತದ್ದು ಸರ್ಕಾರಿ ಯಾನ. ಚೀನಾದ ಖಾಸಗಿ ವ್ಯಾಪಾರಿಗಳು ಆಗ್ನೇಯ ಏಷ್ಯಾಕ್ಕೆ ಹೋಗುವುದನ್ನು ಬಿಡಲಿಲ್ಲ.

ವಿಜಯನಗರಕ್ಕೆ ಕುದುರೆ ಹೊರಗಿನಿಂದಲೇ ಯಾಕೆ? ಇಲ್ಲೇ ಸಾಕಬಹುದಿತ್ತಲ್ಲ?

ಸಾಕಿದರೂ ಯುದ್ಧಕ್ಕೆ ಬೇಕಾದ ಎತ್ತರದ, ಓಟದ ತಳಿ ಇಲ್ಲಿನ ಹವೆ, ಹುಲ್ಲಿಗೆ ಸರಿಯಾಗಿ ಬೆಳೆಯುತ್ತಿರಲಿಲ್ಲ. ಅರೇಬಿಯಾ, ಇರಾನಿನಿಂದ ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ಮೂಲಕ ಭಟ್ಕಳ, ಗೋವೆಗೆ ಕುದುರೆ ಬರುತ್ತಿತ್ತು. ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿದ್ದಾನೆ. ಇನ್ನೊಂದು ಮಜವಾದ ಮಾತನ್ನೂ ಹೇಳುತ್ತಾನೆ. ಸಾಳುವ ನರಸಿಂಹ ದಾರಿಯಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ, ಬಾಲ ತಂದು ತೋರಿಸಿದರೆ ಸಾಕು. ಹುಚ್ಚುತನ ಅನ್ನಿಸಬಹುದು. ಆದರೆ ಸಮುದ್ರದ ನಷ್ಟವನ್ನು ಕೊಳ್ಳುವವನೇ ಹೊತ್ತರೆ ವ್ಯಾಪಾರಿ ಶತ್ರುವಿನ ಬಂದರಿಗೆ ಹೋಗುವುದಿಲ್ಲ.

ಈ ಲಾಭದ ಆಸೆಗೇ ರಷ್ಯಾದ ಅಫನಾಸಿ ನಿಕಿತಿನ್ 1469ರ ಹೊತ್ತಿಗೆ ಒಂದೇ ಒಂದು ಗಂಡು ಕುದುರೆ ಹಿಡಿದು ಬಂದಿಳಿದ. ಜುನ್ನಾರಿನಲ್ಲಿ ಅಲ್ಲಿನ ಖಾನ ಅದನ್ನು ಕಿತ್ತುಕೊಂಡ, ಹೇಗೋ ವಾಪಸ್ ಸಿಕ್ಕಿತು. ಕೊನೆಗೆ ಬೀದರಿನಲ್ಲಿ ಮಾರಿದ. ಆಗ ಬೀದರಿನ ಪ್ರಧಾನಿ ಮಹಮೂದ್ ಗವಾನ್, ಅವನೂ ಇರಾನಿನ ಗಿಲಾನ್‌ನಿಂದ ವ್ಯಾಪಾರಕ್ಕೆಂದು ಬಂದವನೇ.

## ಸ್ವಲ್ಪ ಆಳದ ಪ್ರಶ್ನೆಗಳು

ಗಾಮಾ ಕರ್ನಾಟಕದ ನೆಲ ತುಳಿದಿದ್ದನಾ?

ಮಲ್ಪೆಯ ಸೇಂಟ್ ಮೇರಿ ದ್ವೀಪದ ಕಥೆ ಎಲ್ಲರಿಗೂ ಗೊತ್ತು, ಅದು ಐತಿಹ್ಯ. ಕಾರವಾರದ ಎದುರಿನ ಅಂಜುದೀವ್ ದ್ವೀಪಕ್ಕೆ ಗಟ್ಟಿ ದಾಖಲೆ ಇದೆ. 1498ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಹಡಗಿನ ತಳ ಕೆರೆದು ರಿಪೇರಿ ಮಾಡುತ್ತಿದ್ದಾಗ, ವೆನಿಸ್‌ನ ಭಾಷೆ ಚೆನ್ನಾಗಿ ಆಡುವ ಒಬ್ಬ ಬಂದು ತಬ್ಬಿಕೊಂಡ. ಗೋವೆಯ ಅಧಿಪತಿಯ ಕೆಲಸದಲ್ಲಿದ್ದ ಯೆಹೂದಿ ಅವನು. ಮೂಲ ಪೋಲೆಂಡ್ ಕಡೆಯದು ಎನ್ನುತ್ತಾರೆ. ಗೂಢಚಾರ ಎಂದು ಗಾಮಾ ಅವನನ್ನು ಹಿಡಿದು ಹೊಡೆಸಿದ, ಕೊನೆಗೆ ಲಿಸ್ಬನ್‌ಗೆ ಕರೆದೊಯ್ದ. ಗಾಸ್ಪರ್ ಡ ಗಾಮಾ ಎಂದು ಹೆಸರಿಟ್ಟರು. ಮುಂದೆ ಪೋರ್ಚುಗೀಸರಿಗೆ ದುಭಾಷಿಯಾದ.

ವ್ಯಾಪಾರ ಮೊದಲೇ ಇತ್ತು ಅಂದಮೇಲೆ ಪೋರ್ಚುಗೀಸರಿಂದ ಬದಲಾದದ್ದೇನು?

ಮಾರಲು ಅವರ ಹತ್ತಿರ ಏನೂ ಇರಲಿಲ್ಲ. ಗಾಮಾ ಕಲ್ಲಿಕೋಟೆಯ ದೊರೆ ಸಾಮೂದಿರಿಗೆ ಕೊಡಲು ತೆಗೆದಿಟ್ಟ ಕಾಣಿಕೆ ಹೀಗಿತ್ತು: ಪಟ್ಟೆ ಬಟ್ಟೆ 12, ಕೆಂಪು ಟೊಪ್ಪಿಗೆ 4, ಹ್ಯಾಟು 6, ಹವಳದ ಸರ 4, ಕೈ ತೊಳೆಯುವ ಬೋಗುಣಿ 6, ಒಂದಿಷ್ಟು ಸಕ್ಕರೆ, ಎಣ್ಣೆ, ಜೇನು. ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರು.

ಅವರ ಹತ್ತಿರ ಇದ್ದದ್ದು ಫಿರಂಗಿ. ಮೊಳೆ ಹೊಡೆದ ಗಟ್ಟಿ ಹಡಗಿನ ಮೇಲೆ ಅದನ್ನು ಕೂರಿಸಿ ತಂದಿದ್ದರು. 1502ರಲ್ಲಿ ಮೆಕ್ಕಾದಿಂದ ವಾಪಸಾಗುತ್ತಿದ್ದ ಯಾತ್ರಿಕರ ಹಡಗನ್ನು ಗಾಮಾ ಜನರ ಸಮೇತ ಸುಟ್ಟ. 1510ರಲ್ಲಿ ಗೋವೆ, 1511ರಲ್ಲಿ ಈಗಿನ ಮಲೇಶಿಯಾದ ಮಲಕ್ಕಾ, 1515ರಲ್ಲಿ ಹೊರ್ಮುಜ್ ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್‌ನ ಕೈಸೇರಿದವು. ಆಮೇಲೆ ‘ಕಾರ್ತಾಜ್’ ಎಂಬ ರಹದಾರಿ ಪತ್ರ ಬಂತು. ದುಡ್ಡು ಕೊಟ್ಟು ಇದನ್ನು ಪಡೆಯದ ಹಡಗನ್ನು ಲೂಟಿ ಮಾಡುತ್ತಿದ್ದರು. ಬಂದರಿನಲ್ಲಿ ಸುಂಕ ಕಟ್ಟುವುದು ಎಲ್ಲರಿಗೂ ಗೊತ್ತಿತ್ತು. ನಡುಸಮುದ್ರಕ್ಕೂ ಒಬ್ಬ ಯಜಮಾನ ಇರುತ್ತಾನೆ, ಅವನಿಗೂ ಕಟ್ಟಬೇಕು ಅನ್ನೋದು ಈ ಕಡಲಿನ ಬಹುಪಾಲು ವರ್ತಕರಿಗೆ ಹೊಸದು.

ಇದರಲ್ಲಿ ನಮ್ಮವರ ಕೈಯೂ ಇದೆ. ಗೋವೆ ಹಿಡಿಯಲು ಅಲ್ಬುಕರ್ಕ್‌ನನ್ನು ಕರೆದು ಜೊತೆಗೆ ನಿಂತವನು ಹೊನ್ನಾವರದ ತಿಮ್ಮೋಜ. ಆಗ ಗೋವೆಯನ್ನು ಆಳುತ್ತಿದ್ದ ಬಿಜಾಪುರದವರ ಮೇಲೆ ಅವನಿಗೆ ಅವನದೇ ಲೆಕ್ಕ ಚುಕ್ತಾ ಮಾಡುವುದಿತ್ತು.

ಹಾಗಾದರೆ ಅರಬ್ಬರ, ವೆನಿಸ್‌ನವರ ವ್ಯಾಪಾರ ಅಲ್ಲಿಗೇ ಮುಳುಗಿತಾ?

ಇಲ್ಲ. ಅರಬ್ಬರು ಕೆಂಪು ಸಮುದ್ರದ ದಾರಿಯಲ್ಲಿ ಒಯ್ದ ಮೆಣಸನ್ನು ಯುರೋಪಿನಲ್ಲಿ ಮಾರುತ್ತಿದ್ದವರು ವೆನಿಸ್‌ನವರು. ಮೊದಲ ಕೆಲವು ದಶಕ ಅದಕ್ಕೆ ದೊಡ್ಡ ಪೆಟ್ಟು ಬಿತ್ತು. 16ನೇ ಶತಮಾನದ ಮಧ್ಯದ ಹೊತ್ತಿಗೆ ಕೆಂಪು ಸಮುದ್ರದ ದಾರಿಯಲ್ಲಿ ಮತ್ತೆ ಧಾರಾಳವಾಗಿ ಮೆಣಸು ಹರಿಯುತ್ತಿತ್ತು. 1513ರಲ್ಲಿ ಏಡನ್ ಹಿಡಿಯಲು ಹೋದ ಅಲ್ಬುಕರ್ಕ್ ಸೋತಿದ್ದ, ಹಾಗಾಗಿ ಆ ಬಾಗಿಲು ಮುಚ್ಚಲೇ ಇಲ್ಲ. ಸುಮಾತ್ರಾದ ಅಚೆ ರಾಜ್ಯದವರು ಪೋರ್ಚುಗೀಸರ ಕಣ್ಣು ತಪ್ಪಿಸಿ ನೇರ ಕೆಂಪು ಸಮುದ್ರಕ್ಕೆ ಸರಕು ಸಾಗಿಸಿದರು. ಹಳೆಯ ದಾರಿಯ ಮೆಣಸಿನ ವ್ಯಾಪಾರಕ್ಕೆ ನಿಜವಾಗಿ ಕೊಡಲಿ ಹಾಕಿದವರು 1602ರಲ್ಲಿ ಕಂಪನಿ ಕಟ್ಟಿಕೊಂಡು ಬಂದ ಡಚ್ಚರು.

ಗೇರುಸೊಪ್ಪೆಯ ರಾಣಿಯನ್ನು ಮೆಣಸಿನ ರಾಣಿ ಅಂತ ಯಾಕೆ ಕರೆದರು?

ಶರಾವತಿ ಕಣಿವೆಯ ಮೆಣಸು ಅವಳ ಹಿಡಿತದಲ್ಲಿತ್ತು, ಅದಕ್ಕೆ. ಚೆನ್ನಭೈರಾದೇವಿ 16ನೇ ಶತಮಾನದ ಉತ್ತರಾರ್ಧದಲ್ಲಿ ದಶಕಗಟ್ಟಲೆ ಆಳಿದ ಜೈನ ರಾಣಿ. ಪೋರ್ಚುಗೀಸರ ಜೊತೆ ಒಮ್ಮೆ ಜಗಳ, ಒಮ್ಮೆ ರಾಜಿ. ಅವಳ ರಾಜ್ಯವನ್ನು ಕೊನೆಗೆ ನುಂಗಿದವರು ಕೆಳದಿಯ ನಾಯಕರು. ಮೆಣಸಿನ ವ್ಯವಹಾರ ಅವರ ಕೈಗೆ ಹೋದದ್ದರಿಂದ ಗೋವೆಯ ರಾಯಭಾರಿ 1623ರಲ್ಲಿ ಇಕ್ಕೇರಿಗೆ ಬರಬೇಕಾಯಿತು. ಜೊತೆಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ದಾರಿಯಲ್ಲಿ ಮಕ್ಕಳು ನೆಲದ ಮರಳಿನ ಮೇಲೆ ಬರೆದು, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ನೋಡಿದ. ಅದೇ ಪ್ರವಾಸದಲ್ಲಿ ಉಳ್ಳಾಲದ ರಾಣಿಯನ್ನೂ ಕಂಡ. ಅವಳು ಬರಿಗಾಲಲ್ಲಿ ನಿಂತು ನೀರಿನ ಕಾಲುವೆ ಕೆಲಸ ಮಾಡಿಸುತ್ತಿದ್ದಳು.

ಮೆಣಸಿನಕಾಯಿ ಅಮೆರಿಕದ್ದು ಅಂತಾರೆ. ಸೋಮನಾಥಪುರದ ಶಿಲ್ಪದ ಕೈಲಿ ಮೆಕ್ಕೆಜೋಳ ಇದೆಯಲ್ಲ, ಅದು ಹೇಗೆ?

ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಗೋಡಂಬಿ, ಪರಂಗಿ, ಸೀಬೆ, ಶೇಂಗಾ, ಮೆಕ್ಕೆಜೋಳ, ಹೊಗೆಸೊಪ್ಪು ಎಲ್ಲವೂ ಅಮೆರಿಕದವೇ. 1268ರ ಸೋಮನಾಥಪುರ ದೇವಾಲಯದಲ್ಲಿ ಕೈಯಲ್ಲಿ ತೆನೆಯಂಥದ್ದು ಹಿಡಿದ ಶಿಲ್ಪಗಳಿವೆ. ಅದು ಮೆಕ್ಕೆಜೋಳವೇ ಎಂದು 1989ರಲ್ಲಿ ಅಮೆರಿಕದ ಇಬ್ಬರು ವಾದಿಸಿದರು. ನಮ್ಮ ಸಸ್ಯವಿಜ್ಞಾನಿಗಳು ಒಪ್ಪದೆ, ಅದು ಮುತ್ತು ಪೋಣಿಸಿದಂತೆ ಕೆತ್ತಿದ ಮುಕ್ತಾಫಲ ಎಂದರು. ನನಗೂ ಎರಡನೆಯದೇ ಸರಿ ಅನ್ನಿಸುತ್ತದೆ. ಮೆಕ್ಕೆಜೋಳ ಆಗಲೇ ಬಂದಿದ್ದರೆ ಹೊಲದಲ್ಲಿ, ಅಡುಗೆಮನೆಯಲ್ಲಿ, ಸುಂಕದ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಗುರುತು ಇರಬೇಕಿತ್ತು. ಬರೀ ದೇವರ ಕೈಗೆ ಬಂದು ನಿಲ್ಲುತ್ತಿರಲಿಲ್ಲ.

ಯುರೋಪಿನವರ ಹತ್ತಿರ ಮಾರಲು ಏನೂ ಇರಲಿಲ್ಲ ಅಂದ್ರಿ. ಮತ್ತೆ ಮೆಣಸಿಗೆ ದುಡ್ಡು ಎಲ್ಲಿಂದ ಬಂತು?

ಹೆಚ್ಚಿನ ಪಾಲು ಅಮೆರಿಕದ ಬೆಳ್ಳಿಯಿಂದ. ಈಗಿನ ಬೊಲಿವಿಯಾದ ಪೊಟೊಸಿಯಲ್ಲಿ 1545ರಲ್ಲಿ ಬೆಳ್ಳಿಯ ಬೆಟ್ಟವೇ ಸಿಕ್ಕಿತು. ಅಲ್ಲಿನ ಮೂಲನಿವಾಸಿಗಳನ್ನು ಬಲವಂತವಾಗಿ ಗಣಿಗೆ ಇಳಿಸಿ ತೆಗೆಸಿದ ಬೆಳ್ಳಿ ಅದು. ಒಂದು ಭಾಗ ಯುರೋಪ್ ಮೂಲಕ ಇಲ್ಲಿಗೆ ಬಂತು. ಇನ್ನೊಂದು ಭಾಗ 1571ರಲ್ಲಿ ಸ್ಪೇನಿನವರ ಕೈಸೇರಿದ ಮನಿಲಾದಿಂದ ಚೀನಾಕ್ಕೆ ಹೋಯಿತು. ನಮ್ಮಲ್ಲಿ ಬೆಳ್ಳಿ ಗಣಿ ಇಲ್ಲವೆನ್ನುವಷ್ಟು ಕಡಿಮೆ. ಮೊಗಲರ ಬೆಳ್ಳಿ ರೂಪಾಯಿ ಊರೂರಿಗೆ ಹರಿಯಲು ಈ ಹೊರಗಿನ ಬೆಳ್ಳಿಯೇ ಬೇಕಾಯಿತು.

ಪ್ಲಿನಿಯ ಗೊಣಗಾಟ ಲಂಡನ್ನಿನಲ್ಲೂ ಶುರುವಾಯಿತು. ದೇಶದ ಬೆಳ್ಳಿಯನ್ನೆಲ್ಲ ಈಸ್ಟ್ ಇಂಡಿಯಾ ಕಂಪನಿ ಪೂರ್ವಕ್ಕೆ ಸುರಿಯುತ್ತಿದೆ ಎಂಬ ದೂರಿಗೆ ಉತ್ತರವಾಗಿ ಕಂಪನಿಯ ಥಾಮಸ್ ಮನ್ 1621ರಲ್ಲಿ ಒಂದು ಹೊತ್ತಿಗೆಯನ್ನೇ ಅಚ್ಚು ಹಾಕಿಸಬೇಕಾಯಿತು. ಅದೇ ಶತಮಾನದ ಕೊನೆಗೆ ಕಂಪನಿಗಳ ಹಡಗಿನಲ್ಲಿ ಮೆಣಸನ್ನು ಹಿಂದೆ ಹಾಕಿ ಭಾರತದ ಹತ್ತಿ ಬಟ್ಟೆ ಮುಂದೆ ಬಂದಿತ್ತು. ಅದಕ್ಕೂ ಕೊಟ್ಟದ್ದು ಬೆಳ್ಳಿಯನ್ನೇ.